ಘಟಪ್ರಭೆಯ ದಂಡೆಗುಂಟ

ಸಹ್ಯಾದ್ರಿಯಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ಕಡೆಗೆ ಕೃಷ್ಣೆಯನ್ನು ಕೂಡುವ ಘಟಪ್ರಭೆಯು ಬೆಳಗಾವಿ ಜಿಲ್ಲೆಯಲ್ಲಿ ಮೊದಲು ಹುಕ್ಕೇರಿ, ತರುವಾಯ ಗೋಕಾಕ, ಅದರಾಚೆಗೆ ಮೂಡಲಗಿ ಈ ಮೂರು ತಾಲೂಕುಗಳ ನೆಲವನ್ನು ತೋಯಿಸುತ್ತ ಸಾಗುತ್ತದೆ. ಹುಕ್ಕೇರಿಯ ಸೀಮೆಯಲ್ಲಿ ಹಿರಣ್ಯಕೇಶಿಯೂ ಗೋಕಾಕದ ಬಳಿಯಲ್ಲಿ ಮಾರ್ಕಂಡೇಯ ನದಿಯೂ ಬಂದು ಇದರಲ್ಲಿ ಬೆರೆಯುತ್ತವೆ. ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು. ಅದರ ಕೆಳಗೆ ಧೂಪದಾಳದಲ್ಲಿ 1897ರ ಹಳೆಯ ಒಡ್ಡು. ಇನ್ನೂ ಕೆಳಗೆ ಗೋಕಾಕದ ಜಲಪಾತ. ಒಂದೇ ನದಿಯು ಒಂದೆಡೆ ತಡೆದು ನಿಂತು, ಒಂದೆಡೆ ಕಾಲುವೆಯಾಗಿ ಹೊಲಕ್ಕಿಳಿದು, ಒಂದೆಡೆ ಬಂಡೆಯಿಂದ ಧುಮುಕುವ ಈ ನೋಟಕ್ಕಾಗಿ ವರ್ಷ ವರ್ಷವೂ ಸಾವಿರಾರು ಜನರು ಮಕ್ಕಳು ಮರಿಗಳೊಡನೆ ಇಲ್ಲಿಗೆ ಬರುತ್ತಾರೆ. ಜಲಪಾತವನ್ನು ನೋಡಿ, ತೂಗುಸೇತುವೆಯನ್ನು ಕಂಡು, ಕರದಂಟಿನ ಪೊಟ್ಟಣವನ್ನೂ ಮರದಲ್ಲಿ ಮಾಡಿ ಬಣ್ಣವಿಟ್ಟ ಹಣ್ಣುಗಳ ಬುಟ್ಟಿಯನ್ನೂ ಕೊಂಡುಕೊಂಡು ಸಂತೋಷದಿಂದ ಹಿಂದಿರುಗುತ್ತಾರೆ.

ಅದು ತಪ್ಪಲ್ಲ. ಆದರೆ ಈ ದಂಡೆಯ ಮೇಲೆ ನೋಡತಕ್ಕ ಮತ್ತೊಂದು ವಸ್ತುವುಂಟು. ಅದಕ್ಕೆ ಗೋಪುರವಿಲ್ಲ, ಶಿಲಾಶಾಸನವಿಲ್ಲ. ಆದುದರಿಂದ ಪ್ರವಾಸಿಗರ ಕೈಪಿಡಿಗಳಲ್ಲಿ ಅದರ ಹೆಸರು ಬರುವುದಿಲ್ಲ. ಮನುಷ್ಯನನ್ನು ಅವನ ನಡತೆಯಿಂದ ಅಳೆಯದೆ ಹುಟ್ಟಿನಿಂದ ಅಳೆದು, ಅವನು ಮಾತು ಕಲಿಯುವ ಮೊದಲೇ ಹಣೆಗೆ ಮುದ್ರೆಯೊತ್ತಿದ ಕಥೆ ಅದು. ಆ ಮುದ್ರೆಯನ್ನು ಅಳಿಸಿಕೊಳ್ಳಲು ಜನರು ಪಟ್ಟ ಪಾಡಿನ ಕಥೆಯೂ ಹೌದು. ಪ್ರವಾಹಕ್ಕೆ ಇದಿರಾಗಿ, ಎಂದರೆ ಮೂಡಲಗಿಯಿಂದ ಮೇಲಕ್ಕೆ, ನಾಲ್ಕು ದಿನ ಬಿಡುವು ಮಾಡಿಕೊಂಡು ಸಂಚರಿಸಿದರೆ ಆ ಕಥೆಯು ಹೆಚ್ಚು ಕಡಿಮೆ ಕಾಲಕ್ರಮದಲ್ಲಿಯೇ ನಮ್ಮ ಮುಂದೆ ತೆರೆಯುತ್ತ ಹೋಗುತ್ತದೆ.

ಮೂಡಲಗಿಯು ಮೊದಲು ಗೋಕಾಕ ತಾಲೂಕಿಗೆ ಸೇರಿದ್ದು ಈಚಿನ ವರ್ಷಗಳಲ್ಲಿ ತಾನೇ ತಾಲೂಕಿನ ಊರಾಯಿತು. ಶಿವಬೋಧರಂಗ ಸ್ವಾಮಿಗಳ ಮಠದಿಂದಲೂ ದನಗಳ ಸಂತೆಯಿಂದಲೂ ಇದು ಸುತ್ತಣ ಸೀಮೆಗೆಲ್ಲ ಪರಿಚಿತವಾಗಿದೆ. ಧೂಪದಾಳದ ಕಾಲುವೆಯ ನೀರು ಬಂದ ಮೇಲೆ ಇಲ್ಲಿಯ ಕರಿನೆಲವು ಕಬ್ಬಿನಿಂದ ಹಸುರಾಯಿತು. ಸಂತೆಯ ದಿನ ಎತ್ತುಗಳ ಕೊರಳ ಗಂಟೆ, ದಲಾಲರ ಕೈಸನ್ನೆ, ಬುತ್ತಿ ಬಿಚ್ಚಿ ಕುಳಿತ ರೈತರ ಹರಟೆ ಇವುಗಳನ್ನು ನೋಡುತ್ತ ನಿಂತರೆ ಹೊತ್ತು ಹೋದುದೇ ತಿಳಿಯುವುದಿಲ್ಲ.

ಈ ಊರಿನಿಂದ ಪೂರ್ವಕ್ಕೆ ಹೋಗುವ ದಾರಿಯು ಮುಧೋಳವನ್ನು ಮುಟ್ಟುತ್ತದೆ. ಮುಧೋಳವು ಈಗ ಬಾಗಲಕೋಟೆ ಜಿಲ್ಲೆಯ ತಾಲೂಕು. ಹಿಂದೆ ಘೋರ್ಪಡೆ ಮನೆತನದವರ ಸಂಸ್ಥಾನವಾಗಿದ್ದಿತು. ಆ ತಾಲೂಕಿನಲ್ಲಿ ಹಲಗಲಿಯೆಂಬ ಊರಿದೆ. ನಮ್ಮ ಕಥೆಯು ಅಲ್ಲಿಂದ ಆರಂಭವಾಗತಕ್ಕದ್ದು. 1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ದಂಗೆಯೆದ್ದಾಗ ಕಂಪನಿ ಸರಕಾರವು ಪ್ರಜೆಗಳ ಕೈಯ ಆಯುಧಗಳನ್ನು ಕಸಿದುಕೊಳ್ಳುವ ನಿಯಮವನ್ನು ಜಾರಿಗೆ ತಂದಿತು. ಹಲಗಲಿಯ ಬೇಡರಿಗೆ ಕತ್ತಿ ಬಂದೂಕುಗಳು ಕೇವಲ ಆಯುಧಗಳಾಗಿರಲಿಲ್ಲ. ಬೇಟೆ, ಕಾವಲು, ಚಾಕರಿ ಇವೆಲ್ಲಕ್ಕೂ ಅವೇ ಸಾಧನ. ಮಾನಕ್ಕೂ ಅವೇ ಗುರುತು. ಅವರು ಕೊಡಲೊಪ್ಪಲಿಲ್ಲ. ನವೆಂಬರ ತಿಂಗಳ ಕೊನೆಗೆ ಸರಕಾರದ ದಂಡು ಹಲಗಲಿಯನ್ನು ಮುತ್ತಿತು. ಊರಿಗೆ ಬೆಂಕಿ ಬಿದ್ದಿತು. ಹೋರಾಟದಲ್ಲಿ ಸತ್ತವರು ಹಲವರು. ಸೆರೆ ಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ 11ರಂದು ಮುಧೋಳದಲ್ಲಿಯೂ 6 ಜನರನ್ನು ಡಿಸೆಂಬರ 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ಪ್ರಸಂಗದ ಲಾವಣಿಯನ್ನು ಜನರು ಹಾಡಿಕೊಂಡು ಬಂದರು; ಶಾಸನಗಳ ಸಂಶೋಧಕನಾಗಿದ್ದ ಫ್ಲೀಟ್ ಸಾಹೇಬನು ಅದನ್ನು ಬರೆದಿಟ್ಟು ಪ್ರಕಟಿಸಿದನು. ಗೆದ್ದ ಸರಕಾರದ ಅಧಿಕಾರಿಯೊಬ್ಬನ ಲೇಖನಿಯಿಂದಲೇ ಸೋತವರ ಹಾಡು ಉಳಿಯುವಂತಾಯಿತು.

ಹಲಗಲಿಯ ಕಥೆಯನ್ನು ಶೌರ್ಯದ ಕಥೆಯೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಆ ಬಳಿಕ ಏನಾಯಿತೆಂಬುದನ್ನೂ ತಿಳಿದುಕೊಳ್ಳಬೇಕು. ಆಯುಧವನ್ನು ಕಳೆದುಕೊಂಡ, ಚಾಕರಿಯನ್ನು ಕಳೆದುಕೊಂಡ, ಅಡವಿಯ ಹಕ್ಕನ್ನೂ ಕಳೆದುಕೊಂಡ ಜನರನ್ನು ಸರಕಾರವು ಸಂಶಯದಿಂದ ನೋಡತೊಡಗಿತು. ಹೀಗೆ ಸಂಶಯಕ್ಕೆ ಗುರಿಯಾದವರು ಬೇಡರಷ್ಟೇ ಅಲ್ಲ. ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಊರೂರಿಗೆ ಒಯ್ಯುತ್ತಿದ್ದ ಲಮಾಣಿಗಳ ಮತ್ತು ಕೊರವರ ಕಸಬು ರೈಲು ಬಂದೊಡನೆ ಮಣ್ಣುಗೂಡಿತು. ಹರಣಶಿಕಾರಿಗಳಿಗೆ ಅಡವಿಯ ಕಾಯಿದೆಗಳು ಬೇಟೆಯನ್ನು ನಿಲ್ಲಿಸಿದುವು. ದಂಡುಗಳ ಬೆನ್ನಿಗೆ ಹೋಗಿ ಛಪ್ಪರ ಹಾಕುತ್ತಿದ್ದರೆಂದು ಹೇಳಲಾಗುವ ಮುಸಲ್ಮಾನ ಛಪ್ಪರಬಂದರಿಗೆ ದಂಡೇ ಇಲ್ಲವಾಯಿತು. ನೆಲೆಯಿಲ್ಲದೆ ಅಲೆಯುವವನಿಗೆ ಕಸಬೂ ಇಲ್ಲವೆಂದ ಮೇಲೆ ಅವನು ಕಳ್ಳನೇ ಇರಬೇಕೆಂದು ಆಳುವವರು ತರ್ಕಿಸಿದರು. ಊರಲ್ಲಿ ನೆಲೆನಿಂತ ನಮ್ಮ ಹಿರಿಯರೂ ಆ ತರ್ಕಕ್ಕೆ ತಲೆದೂಗಿದರೆಂಬುದನ್ನು ಮರೆಯಲಾಗದು.

ಈ ತರ್ಕವು ಕಾಯಿದೆಯ ರೂಪವನ್ನು ತಾಳಿದುದು 1871ರಲ್ಲಿ. ಅದರ ಹೆಸರು ಅಪರಾಧಿ ಬುಡಕಟ್ಟುಗಳ ಕಾಯಿದೆ. ಮೊದಲು ಅದು ಉತ್ತರದ ಪ್ರಾಂತಗಳಿಗಷ್ಟೇ ಅನ್ವಯಿಸಿತು. 1911ರ ಹೊಸ ಕಾಯಿದೆಯಿಂದ ಮುಂಬಯಿ, ಮದ್ರಾಸು ಇಲಾಖೆಗಳಿಗೂ ಹಬ್ಬಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಯಲ್ಲಿದ್ದಿತು. ಈ ಕಾಯಿದೆಯ ಮೇರೆಗೆ ಸರಕಾರವು ಒಂದು ಜಾತಿಯನ್ನು ಅಪರಾಧಿ ಜಾತಿಯೆಂದು ಪ್ರಕಟಿಸಬಹುದಾಗಿತ್ತು. ಆ ಪ್ರಕಟಣೆ ಸರಿಯೋ ತಪ್ಪೋ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ಹೆಸರು ಪಟ್ಟಿಯಲ್ಲಿ ಬರೆಯಲ್ಪಟ್ಟವನು ಬೆರಳಚ್ಚು ಕೊಡಬೇಕು. ಗೊತ್ತಾದ ಕಾಲಕ್ಕೆ ಹಾಜರಿ ಹಾಕಬೇಕು. ಮನೆ ಬದಲಿಸಿದರೆ ತಿಳಿಸಬೇಕು. ಸರಕಾರವು ಮನಸ್ಸು ಮಾಡಿದರೆ ಅವನನ್ನು ಹೆಂಡಿರು ಮಕ್ಕಳೊಡನೆ ‘ಸೆಟ್ಲಮೆಂಟ್’ ಎಂಬ ಕಾವಲಿನ ವಸತಿಯಲ್ಲಿ ಇರಿಸಬಹುದು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಬೇರೆ ಶಾಲೆಗೆ ಹಾಕಲೂಬಹುದು. ಇದಕ್ಕೆಲ್ಲ ಅವನು ಕಳವು ಮಾಡಿದ್ದನೆಂದು ಸಿದ್ಧವಾಗಬೇಕಾಗಿರಲಿಲ್ಲ. ಅವನು ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದನೆಂಬುದಷ್ಟೇ ಸಾಕಾಗಿತ್ತು.

ಇನ್ನು ಮೂಡಲಗಿಯಿಂದ ಗೋಕಾಕಕ್ಕೆ ಬರೋಣ. ಹಳೆಯ ಬರಹಗಾರರ ಬಾಯಲ್ಲಿ ಇದು ಗೋಕಾವಿ. ಗುಡ್ಡದ ಬುಡದ ಈ ಊರಿನ ಪೇಟೆಯಲ್ಲಿ ಸಂಚರಿಸುವುದೇ ಒಂದು ವಿನೋದ. ಬೊಂಬೆ ಮಾಡುವವರು ಹಗುರಾದ ಕಟ್ಟಿಗೆಯನ್ನು ಕೆತ್ತಿ ಬಣ್ಣ ಹಚ್ಚಿ ಇಟ್ಟ ಬಾಳೆಹಣ್ಣು ಮಾವಿನಹಣ್ಣುಗಳಿಗೆ ಗಿಳಿಯೂ ಮರುಳಾಗಬೇಕು. ಊರಿನಿಂದ ಸುಮಾರು 6 ಕಿಲೋಮೀಟರು ಹೋದರೆ ಜಲಪಾತವು ಸಿಕ್ಕುತ್ತದೆ. ಜುಲೈದಿಂದ ಸಪ್ಟೆಂಬರದ ವರೆಗೆ ಅದರ ಅಬ್ಬರವನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಸುತ್ತದೆ. ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಕೆಂಪು ನೀರು ಸುಮಾರು 170 ಅಡಿ ಕೆಳಗೆ ಬೀಳುವಾಗ ತುಂತುರಿನ ಹೊಗೆಯೇಳುತ್ತದೆ; ಬಿಸಿಲು ಬಿದ್ದರೆ ಅದರಲ್ಲಿ ಕಾಮನಬಿಲ್ಲು ಮೂಡುತ್ತದೆ. ದಂಡೆಯ ಮೇಲೆ ಮಹಾಲಿಂಗೇಶ್ವರನ ಹಳೆಯ ಕಲ್ಲುಗುಡಿಯಿದೆ. ಜಲಪಾತದ ಮೇಲ್ಗಡೆ ನದಿಯನ್ನು ದಾಟುವ ತೂಗುಸೇತುವೆಯು ಸುಮಾರು 200 ಮೀಟರು ಉದ್ದವಾಗಿದ್ದು ಕಾಲಿಟ್ಟರೆ ತೊಟ್ಟಿಲಿನಂತೆ ಅಲುಗುತ್ತದೆ.

ಈ ಧುಮುಕುವ ನೀರಿನ ಬಲವನ್ನು ಕಂಡು 1885ರಲ್ಲಿ ಗೋಕಾಕ ನೀರಿನ ಶಕ್ತಿ ಮತ್ತು ಉತ್ಪಾದನಾ ಕಂಪನಿಯು ಸ್ಥಾಪನೆಯಾಯಿತು. ಎರಡು ವರ್ಷಗಳಲ್ಲಿ ನೂಲಿನ ಗಿರಣಿಯು ತಿರುಗತೊಡಗಿತು. ಜಲಚಕ್ರಗಳ ಬಲದಿಂದ ಗಿರಣಿ ನಡೆಯಿಸಿದ ಹಿಂದುಸ್ತಾನದ ಮೊದಮೊದಲ ಸಾಹಸಗಳಲ್ಲಿ ಇದೊಂದು. ಗಿರಣಿಯ ಸುತ್ತಲೂ ಕೆಲಸಗಾರರ ಮನೆ, ಅಂಗಡಿ, ಶಾಲೆಗಳಾಗಿ ‘ಗೋಕಾಕ ಫಾಲ್ಸ್’ ಎಂಬ ಬೇರೊಂದು ಊರೇ ಬೆಳೆಯಿತು. ಇಷ್ಟನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಅವು ಹೇಳದೆ ಬಿಡುವ ಸಂಗತಿಯೆಂದರೆ ಮುಂಬಯಿ ಸರಕಾರದ ಅಪರಾಧಿ ಬುಡಕಟ್ಟುಗಳ ವಸತಿಗಳಲ್ಲಿ ಒಂದು ಈ ಗೋಕಾಕ ಫಾಲ್ಸಿನಲ್ಲಿಯೂ ಇದ್ದಿತು ಮತ್ತು ಅಲ್ಲಿರಿಸಲ್ಪಟ್ಟವರು ಈ ಗಿರಣಿಯಲ್ಲಿ ದುಡಿಯುತ್ತಿದ್ದರು ಎಂಬುದು.

ಇಂಥ ವಸತಿಗಳ ಯೋಜನೆಯನ್ನು ಮುಂಬಯಿ ಇಲಾಖೆಯಲ್ಲಿ ನಡೆಯಿಸಿದವನು ಸ್ಟಾರ್ಟ್ ಎಂಬ ಸಿವಿಲ್ ಅಧಿಕಾರಿ. ವಿಜಾಪುರದಲ್ಲಿ ಮೊದಲಿಟ್ಟು ಹುಬ್ಬಳ್ಳಿ, ಗದಗ, ಸೊಲ್ಲಾಪುರ, ಗೋಕಾಕ ಫಾಲ್ಸ್ ಮುಂತಾದೆಡೆಗಳಲ್ಲಿ ವಸತಿಗಳಾದುವು. ಈ ಊರುಗಳ ಹೆಸರನ್ನು ಒಟ್ಟಿಗೆ ಓದಿದರೆ ಒಂದು ಮಾತು ಹೊಳೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ಗಿರಣಿಯ ಊರುಗಳು, ಇಲ್ಲವೆ ರೈಲಿನ ಕಾರಖಾನೆಯ ಊರುಗಳು. ಗಿರಣಿಗಳಿಗೆ ತಪ್ಪದೆ ಬರುವ ಆಳುಗಳು ಬೇಕಾಗಿದ್ದರು. ಸರಕಾರಕ್ಕೆ ತಾನು ಸೆರೆಯಿಟ್ಟ ಜನರಿಗೆ ಹೊಟ್ಟೆಯ ದಾರಿ ತೋರಿಸಬೇಕಾಗಿತ್ತು. ಎರಡೂ ಅಗತ್ಯಗಳು ಒಂದಕ್ಕೊಂದು ಹೊಂದಿಕೊಂಡುವು. ಕೂಲಿ ಸಿಕ್ಕುತ್ತಿತ್ತು, ನಿಜ. ಮಕ್ಕಳು ಅಕ್ಷರ ಕಲಿಯುತ್ತಿದ್ದುದೂ ನಿಜ. ಸ್ಟಾರ್ಟನು ಕ್ರೂರಿಯಾಗಿರಲಿಲ್ಲ, ತಾನು ಈ ಜನರನ್ನು ಉದ್ಧಾರ ಮಾಡುತ್ತಿರುವೆನೆಂದು ಅವನು ನಂಬಿದ್ದನು. ಆದರೆ ಕೆಲಸ ಮುಗಿದ ಮೇಲೆ ಉಳಿದ ಕೂಲಿಗಾರನು ತನ್ನ ಮನೆಗೆ ಹೋಗುತ್ತಿದ್ದರೆ, ಇವನು ಹಾಜರಿಗೆ ಹೋಗಬೇಕಾಗಿತ್ತು. ಸಂಬಂಧಿಕರ ಮದುವೆಗೆ ಹೋಗಲು ಚೀಟಿ ಬೇಕು, ಸತ್ತವರ ಮಣ್ಣಿಗೆ ಹೋಗಲು ಚೀಟಿ ಬೇಕು. ದುಡಿದು ತಿನ್ನುವುದನ್ನು ಕಲಿತವನನ್ನೂ ಕಳ್ಳನೆಂದೇ ಎಣಿಸುತ್ತಿರುವ ತನಕ ಅವನ ದುಡಿಮೆಯು ಏನನ್ನು ಸಿದ್ಧಪಡಿಸೀತು?

ಈ ಅನ್ಯಾಯವು ನಾಡಿನ ಮುಂದಾಳುಗಳ ಕಣ್ಣಿಗೆ ಬಿದ್ದುದು ತಡವಾಗಿ. 1936ರಲ್ಲಿ ಜವಾಹರಲಾಲ ನೆಹರೂ ಅವರು ನೆಲ್ಲೂರಿನಲ್ಲಿ ಮಾತನಾಡುತ್ತ, ಇಡೀ ಒಂದು ಜನಾಂಗವನ್ನು ಅಪರಾಧಿಯೆಂದು ಕರೆಯುವುದು ನ್ಯಾಯಕ್ಕೆ ಹೊರತಾದುದೆಂದೂ ಈ ಕಾಯಿದೆಯು ಪೌರ ಸ್ವಾತಂತ್ರ್ಯವನ್ನೇ ಅಲ್ಲಗಳೆಯುವುದೆಂದೂ ಖಂಡಿಸಿದರು. ಮರುವರ್ಷ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲವು ಬಂದಾಗ ಮುನಶಿಯವರ ಮುಂದಾಳುತನದಲ್ಲಿ ವಿಚಾರಣಾ ಸಮಿತಿಯು ನೇಮಕವಾಯಿತು. ಸ್ವಾತಂತ್ರ್ಯವು ಬಂದ ತರುವಾಯ ಮದ್ರಾಸು 1947ರಲ್ಲಿಯೂ ಮುಂಬಯಿ 1949ರಲ್ಲಿಯೂ ಈ ಕಾಯಿದೆಯನ್ನು ರದ್ದುಪಡಿಸಿದುವು. ಇಡೀ ದೇಶಕ್ಕೆ ಅದು ರದ್ದಾದುದು 1952ರ ಆಗಸ್ಟ 31ರಂದು. ಆ ದಿನವನ್ನು ಈ ಜನರು ವಿಮುಕ್ತಿಯ ದಿನವೆಂದು ಆಚರಿಸುತ್ತಾರೆ. ದೇಶವು ಸ್ವತಂತ್ರವಾಗಿ ಐದು ವರ್ಷ, ಸಂವಿಧಾನವು ಬಂದು ಎರಡೂವರೆ ವರ್ಷ ಕಳೆದ ಬಳಿಕ ಇವರ ಸ್ವಾತಂತ್ರ್ಯವು ಬಂದಿತೆಂಬುದನ್ನು ವಾಚಕರು ಗಮನಿಸಬೇಕು. ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ‘ಬೇರಡ’ ಎಂಬ ಹೆಸರೂ ಇದೆ. ಬೇರಡರೆಂದರೆ ನಮ್ಮ ಬೇಡರೇ. ಹಲಗಲಿಯಲ್ಲಿ ವೀರರೆನಿಸಿದವರ ಕುಲದ ಹೆಸರು ಗಡಿಯಾಚೆಗೆ ಅಪರಾಧಿಗಳ ಪಟ್ಟಿಯಲ್ಲಿ ಹೋಗಿ ಬಂದಿದೆ.

ಹುಬ್ಬಳ್ಳಿಯಲ್ಲಿ ಒಂದು ಭಾಗವನ್ನು ಜನರು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕಾಯಿದೆಯು ಹೋದರೂ ಹೆಸರು ಉಳಿಯುತ್ತದೆ; ಹೆಸರಿನೊಡನೆ ಸಂಶಯವೂ ಉಳಿಯುತ್ತದೆ. ರದ್ದಾದ ಕಾಯಿದೆಯ ಬದಲಿಗೆ ರೂಢಿಯ ಅಪರಾಧಿಗಳ ಕಾಯಿದೆಗಳು ಬಂದುವು. ಅವು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ನೋಡತಕ್ಕವೇ ಹೊರತು ಹುಟ್ಟನ್ನಲ್ಲವೆಂದು ಹೇಳಿದರೂ, ಹಳೆಯ ದೃಷ್ಟಿಯು ಕಚೇರಿಗಳಿಂದ ಕೂಡಲೆ ತೊಲಗಲಿಲ್ಲ. 2024ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಸೆರೆಮನೆಗಳಲ್ಲಿಯ ಜಾತಿಭೇದದ ವಿಷಯವಾಗಿ ತೀರ್ಪು ಕೊಟ್ಟಾಗ, ವಿಮುಕ್ತ ಬುಡಕಟ್ಟಿನವರನ್ನು ರೂಢಿಯ ಅಪರಾಧಿಗಳೆಂದು ಎಣಿಸುವ ಪರಿಪಾಠವನ್ನೂ ಖಂಡಿಸಬೇಕಾಯಿತು. ಎಂದರೆ 1952ರಲ್ಲಿ ಅಳಿಸಿದ ಬರಹವು 72 ವರ್ಷಗಳ ಮೇಲೆಯೂ ಸೆರೆಮನೆಯ ನಿಯಮಗಳಲ್ಲಿ ಓದಲು ಸಿಕ್ಕುತ್ತಿತ್ತು.

ಜಲಪಾತದಿಂದ ಮೇಲಕ್ಕೆ ಹೊರಟರೆ ಧೂಪದಾಳದ ಒಡ್ಡು, ಅದರ ಹಿನ್ನೀರಿನಲ್ಲಿ ಚಳಿಗಾಲಕ್ಕೆ ಬರುವ ಹಕ್ಕಿಗಳ ಹಿಂಡು, ಅದರ ಸಮೀಪದಲ್ಲಿ ಘಟಪ್ರಭಾ ಎಂದು ನದಿಯ ಹೆಸರನ್ನೇ ಪಡೆದ ಊರು ಇವು ಸಿಕ್ಕುತ್ತವೆ. ರೈಲು ಹಿಡಿಯಲು ಹೇಗೂ ಘಟಪ್ರಭೆಗೇ ಮರಳಬೇಕಾದುದರಿಂದ ಅದನ್ನು ಕಡೆಗೆ ಇಟ್ಟುಕೊಂಡು ಮೊದಲು ಹುಕ್ಕೇರಿಗೆ ಹೋಗುವುದು ಅನುಕೂಲ.

ಹುಕ್ಕೇರಿಯು ಆದಿಲಶಾಹಿ ಕಾಲದ ಹಿರಿಮೆಯನ್ನು ಕಂಡ ಊರು. ವಿಜಾಪುರದ ಸರದಾರರ ಗೋರಿಗಳ ಮೇಲಿನ ಗುಮ್ಮಟಗಳು ಇಂದಿಗೂ ತಲೆಯೆತ್ತಿ ನಿಂತಿವೆ. ಅದೇ ಕಾಲದಲ್ಲಿ ನೆಲದೊಳಗಿನ ಕಾಲುವೆಯಿಂದ ಊರಿಗೆ ನೀರು ತಂದ ಏರ್ಪಾಡಿಗಾಗಿಯೂ ಈ ಊರು ಹೆಸರಾಗಿದ್ದಿತು. ಗುಮ್ಮಟದ ನೆರಳಿನಲ್ಲಿ ಕುಳಿತಾಗ ನೀರಿನ ಮಾತು ಸಹಜವಾಗಿಯೇ ಬರುತ್ತದೆ. ನೀರನ್ನು ಎಷ್ಟು ಜಾಣತನದಿಂದ ಊರೊಳಗೆ ತಂದರೂ ಆ ನೀರನ್ನು ಮುಟ್ಟುವವರು ಯಾರೆಂಬ ಪ್ರಶ್ನೆಯು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದೇ ಇತ್ತಲ್ಲವೆ? ಊರ ಬಾವಿಯ ಮೆಟ್ಟಿಲ ಮೇಲೆ ಕೊಡವಿಟ್ಟುಕೊಂಡು, ಮೇಲಿನವರಾರಾದರೂ ಕರುಣೆಯಿಂದ ನೀರು ಹನಿಸಲೆಂದು ಕಾಯುತ್ತಿದ್ದ ಹೆಂಗಸರು ನಮ್ಮ ಅಜ್ಜಿಯರ ಕಾಲದವರೆಗೂ ಇದ್ದರು. ಕೆಲವೆಡೆ ಆಮೇಲೆಯೂ ಇದ್ದರು.

ಮುಂಬಯಿಯ ಶಾಸನ ಸಭೆಯಲ್ಲಿ 1923ರ ಆಗಸ್ಟ 4ರಂದು ಬೋಳೆಯವರು ತಂದ ಒಂದು ಗೊತ್ತುವಳಿಯು ಪಾಸಾಯಿತು. ಸಾರ್ವಜನಿಕರ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳೆಲ್ಲ ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂಬುದು ಅದರ ತಾತ್ಪರ್ಯ. ಮುಂಬಯಿ ಇಲಾಖೆಯ ಭಾಗವಾಗಿದ್ದ ಹುಕ್ಕೇರಿ, ಗೋಕಾಕಗಳಿಗೂ ಅದು ಸಲ್ಲುತ್ತಿತ್ತು. ಆದರೆ ಗೊತ್ತುವಳಿಯು ಕಾಗದದ ಮೇಲೆ ಉಳಿಯಿತು. ಮೂರು ವರ್ಷಗಳ ಮೇಲೆ ಬೋಳೆಯವರೇ ಮತ್ತೊಂದು ಗೊತ್ತುವಳಿಯನ್ನು ತಂದು, ಇದನ್ನು ನಡೆಯಿಸದ ನಗರಸಭೆಗಳಿಗೆ ಹಣದ ನೆರವು ಕೊಡಕೂಡದೆಂದು ಹೇಳಬೇಕಾಯಿತು.

ಈ ನಡುವೆ ಹುಕ್ಕೇರಿಗೆ ಹತ್ತಿರದ ನಿಪ್ಪಾಣಿಯಲ್ಲಿ ಒಂದು ಮಹತ್ವದ ಸಂಗತಿಯು ನಡೆಯಿತು. ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ದಾಟಿ ಪುಣೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಬರುವ ಊರು ನಿಪ್ಪಾಣಿ; ತಂಬಾಕದ ವ್ಯಾಪಾರಕ್ಕೆ ಹೆಸರಾದುದು. ಹಿಂದಿನ ವರ್ಷ, 1924ರ ಡಿಸೆಂಬರದಲ್ಲಿ, ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಕೂಡಿ, ಹಿಂದು ಮುಸಲ್ಮಾನರ ಐಕ್ಯ ಮತ್ತು ಅಸ್ಪೃಶ್ಯತೆಯ ನಿವಾರಣೆಯ ಮಾತುಗಳನ್ನು ನಾಡು ಕೇಳಿತ್ತು. 1925ರ ಏಪ್ರಿಲದಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತ ಜನರ ಪರಿಷತ್ತು ಕೂಡಿತು. ಅದರ ಅಧ್ಯಕ್ಷರು ಡಾ. ಭೀಮರಾವ ಅಂಬೇಡ್ಕರರು. ಅವರಿಗೆ ಆಗ 34 ವರ್ಷ ತುಂಬಲು ಕೆಲವೇ ದಿನಗಳು ಉಳಿದಿದ್ದುವು; ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಕಟ್ಟಿ ಇನ್ನೂ ವರ್ಷ ಕಳೆದಿರಲಿಲ್ಲ. ಮಹಾಡದ ಕೆರೆಯ ನೀರನ್ನು ಅವರು ಬೊಗಸೆಯಲ್ಲಿ ಎತ್ತಿ ಕುಡಿದುದು ಎರಡು ವರ್ಷಗಳ ಮೇಲೆ, 1927ರ ಮಾರ್ಚದಲ್ಲಿ. ಮಹಾಡದ ಕಥೆಯನ್ನು ದೇಶವೆಲ್ಲ ಬಲ್ಲುದು. ಅದಕ್ಕೆ ಮೊದಲೇ ನಮ್ಮ ಕನ್ನಡ ಮರಾಠಿಗಳ ಗಡಿಯಲ್ಲಿ ಆ ಜನರು ಒಂದೆಡೆ ನೆರೆದು ತಮ್ಮ ಸುಖದುಃಖಗಳನ್ನು ತಾವೇ ಆಡಿಕೊಂಡರೆಂಬುದನ್ನು ನಾವು ನೆನೆಯುವುದು ಕಡಿಮೆ.

ನಿಪ್ಪಾಣಿಯ ಆ ಬೀಜವು ಒಣಗಲಿಲ್ಲ. ಈ ಭಾಗದ ಬಳವಂತ ಹಣಮಂತ ವರಾಳೆಯವರು ಅಂಬೇಡ್ಕರರ ಜೊತೆಗಾರರಾದರು; ದಲಿತ ವಿದ್ಯಾರ್ಥಿಗಳಿಗಾಗಿ ಧಾರವಾಡದಲ್ಲಿ ತೆರೆದ ವಸತಿಗೃಹವನ್ನು ನೋಡಿಕೊಂಡರು; 1937ರ ಚುನಾವಣೆಯಲ್ಲಿ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಉತ್ತರ ಕ್ಷೇತ್ರಕ್ಕೆ ನಿಂತು ಗೆದ್ದು ಮುಂಬಯಿಯ ಶಾಸನ ಸಭೆಗೆ ಹೋದರು. ಬಾವಿಯ ಕಟ್ಟೆಯಿಂದ ದೂರ ನಿಲ್ಲಿಸಲ್ಪಟ್ಟ ಜನರ ಮನುಷ್ಯನೊಬ್ಬನು ಕಾಯಿದೆ ಮಾಡುವ ಸಭೆಯಲ್ಲಿ ಕುಳಿತನು. ಇನ್ನೊಂದು ಸಂಗತಿಯೂ ಇದೆ. ದಲಿತರ ಮತ್ತು ಬುಡಕಟ್ಟುಗಳ ಸ್ಥಿತಿಯನ್ನು ವಿಚಾರಿಸಲು ಮುಂಬಯಿ ಸರಕಾರವು 1928ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷನು ಅದೇ ಸ್ಟಾರ್ಟ್ ಸಾಹೇಬ. ಸದಸ್ಯರಲ್ಲಿ ಒಬ್ಬರು ಅಂಬೇಡ್ಕರರು. ಕಾವಲಿನ ವಸತಿಗಳನ್ನು ಕಟ್ಟಿದವನೂ ಕಾವಲುಗಳನ್ನೆಲ್ಲ ಒಡೆಯಬೇಕೆಂದವನೂ ಒಂದೇ ಮೇಜಿನ ಸುತ್ತ ಕುಳಿತು 1930ರಲ್ಲಿ ವರದಿಯನ್ನು ಮುಗಿಸಿದರು. ಮೇಲಿನಿಂದ ಬರುವ ಉದ್ಧಾರ, ತಾನೇ ಎದ್ದು ನಿಲ್ಲುವ ಹಕ್ಕು ಈ ಎರಡಕ್ಕೂ ಇರುವ ಅಂತರವನ್ನು ಆ ಇಬ್ಬರ ಜೀವಿತಗಳಲ್ಲಿ ಕಾಣಬಹುದು.

ಇನ್ನು ಘಟಪ್ರಭೆ. ರೈಲು ನಿಲ್ದಾಣದ ಈ ಊರನ್ನು ಬಹು ಜನರು ಬಲ್ಲುದು ಕರ್ನಾಟಕ ಆರೋಗ್ಯಧಾಮದಿಂದ. 1929ರಲ್ಲಿ ಹುಟ್ಟಿದ ಈ ಸಂಸ್ಥೆಯೊಡನೆ ಸೇವಾದಳದ ಡಾ. ಹರ್ಡೀಕರರ ಹೆಸರೂ ಹೊಂದಿಕೊಂಡಿದೆ. ರೋಗಿಗಳಿಗೆ ನೆಮ್ಮದಿ ಕೊಟ್ಟ ಈ ಊರು ತೊಂಬತ್ತರ ದಶಕದಲ್ಲಿ ಮತ್ತೊಂದು ಬಗೆಯ ನೋವಿಗೆ ಆಸರೆಯಾಯಿತು.

ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣು ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿಯು ಈ ಸೀಮೆಯ ಗೃಹಸ್ಥರಿಗೆ ತಿಳಿಯದುದಲ್ಲ. ದೇವಿಯ ಭಕ್ತಿಯು ಬೇರೆ. ಆ ಭಕ್ತಿಯ ಮರೆಯಲ್ಲಿ ನಡೆದ ಈ ವ್ಯವಹಾರವು ಬೇರೆ. ಮುತ್ತು ಕಟ್ಟಿಸಿಕೊಂಡವರು ಬಹುಮಟ್ಟಿಗೆ ದಲಿತರ ಮನೆಯ ಹುಡುಗಿಯರು. ತನಗೇನು ನಡೆಯುತ್ತಿದೆಯೆಂದು ತಿಳಿಯದ ವಯಸ್ಸಿನಲ್ಲಿ ಕೊರಳಿಗೆ ಬಿದ್ದ ಮಣಿಸರವು ಮದುವೆಯನ್ನು ತಡೆಯಿತು. ಮೈನೆರೆದ ಮೇಲೆ ಅವಳನ್ನು ಯಾರದೋ ಸ್ವತ್ತಾಗಿ ಮಾಡಿತು. ಅವಳ ಮಕ್ಕಳು ಶಾಲೆಗೆ ಹೋದಾಗ ತಂದೆಯ ಹೆಸರೇನೆಂಬ ಪ್ರಶ್ನೆಗೆ ತಲೆ ತಗ್ಗಿಸುವಂತೆ ಮಾಡಿತು. ಮುಂಬಯಿ ಇಲಾಖೆಯಲ್ಲಿ ಇದರ ವಿರುದ್ಧ 1934ರಲ್ಲಿಯೇ ದೇವದಾಸಿ ರಕ್ಷಣಾ ಕಾಯಿದೆಯಾಗಿತ್ತು. ಕರ್ನಾಟಕ ಸರಕಾರವು 1982ರಲ್ಲಿ ಇನ್ನೊಂದು ಕಾಯಿದೆಯನ್ನು ಮಾಡಿತು. ಹೀಗಿದ್ದೂ 1993–94ರಲ್ಲಿ ಸರಕಾರವೇ ಎಣಿಸಿ ನೋಡಿದಾಗ ರಾಜ್ಯದಲ್ಲಿ ಸಿಕ್ಕ ದೇವದಾಸಿಯರು 22,873. 2007–08ರ ಎರಡನೆಯ ಎಣಿಕೆಯಲ್ಲಿ ಹೊಸದಾಗಿ ಸೇರಿದವರನ್ನೂ ಕೂಡಿಸಿದರೆ ಒಟ್ಟು ಸಂಖ್ಯೆಯು 46,660 ಆಯಿತು. ಕಾಯಿದೆಯೊಂದರಿಂದಲೇ ಕೆಲಸವಾಗುವಂತಿದ್ದರೆ ಈ ಅಂಕೆಗಳಿಗೆ ಕಾರಣವಿರುತ್ತಿರಲಿಲ್ಲ.

ಕಾಯಿದೆಗೆ ಜೀವ ತುಂಬಿದವರು ಆ ಮಣಿಸರವನ್ನು ಕಟ್ಟಿಕೊಂಡ ಹೆಂಗಸರೇ. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡಾ ಸಂಸ್ಥೆಯೂ ತೊಂಬತ್ತರ ದಶಕದಲ್ಲಿ ನಡೆಯಿಸಿದ ಕಾರ್ಯದಿಂದ ಒಂದುಗೂಡಿದ ಮಾಜಿ ದೇವದಾಸಿಯರು 1997ರಲ್ಲಿ ಘಟಪ್ರಭೆಯಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ಅದು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಜನರ ಬಾಯಲ್ಲಿ ‘ಮಾಸ್’. ಗುಂಪುಗಳಾಗಿ ಉಳಿತಾಯ ಮಾಡುವುದು, ಮಕ್ಕಳನ್ನು ಶಾಲೆಗೆ ಹಾಕುವುದು, ಹಳ್ಳಿಗಳಿಗೆ ಹೋಗಿ ತಂದೆತಾಯಿಗಳಿಗೆ ತಿಳಿಹೇಳುವುದು, ಹೊಸದಾಗಿ ಮುತ್ತು ಕಟ್ಟದಂತೆ ತಡೆಯುವುದು ಇವು ಅವರ ಕೆಲಸಗಳು. ಏಳು ವರ್ಷದವಳಿದ್ದಾಗಲೇ ದೇವಿಗೆ ಬಿಡಲ್ಪಟ್ಟ ಸೀತವ್ವ ಜೋಡಟ್ಟಿಯವರು ಈ ಸಂಸ್ಥೆಯ ಮುಂದಾಳಾಗಿ ಬೆಳೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಅಕ್ಷರಸ್ಥರಾದ ಸುಧಾರಕರು ವೇದಿಕೆಯ ಮೇಲೆ ನಿಂತು ಹೇಳಿದಾಗ ತಲೆಯಾಡಿಸಿ ಸುಮ್ಮನಾಗುತ್ತಿದ್ದ ತಾಯಿಯು, ತನ್ನಂತೆಯೇ ಮುತ್ತು ಕಟ್ಟಿಸಿಕೊಂಡು ಬಾಳಿದ ಇನ್ನೊಬ್ಬ ಹೆಂಗಸು ಹೊಸ್ತಿಲಲ್ಲಿ ಕುಳಿತು ಹೇಳಿದಾಗ ಕಿವಿಗೊಟ್ಟಳು.

ಹಲಗಲಿಯ ಬೇಡ, ಗೋಕಾಕ ಫಾಲ್ಸಿನ ಸೆಟ್ಲಮೆಂಟಿನವನು, ನಿಪ್ಪಾಣಿಯಲ್ಲಿ ನೆರೆದ ಬಹಿಷ್ಕೃತ, ಘಟಪ್ರಭೆಯ ಮಾಜಿ ದೇವದಾಸಿ ಇವರೆಲ್ಲರ ಜಾತಿ ಬೇರೆ, ಕಾಲ ಬೇರೆ, ಹಟದ ಬಗೆಯೂ ಬೇರೆ. ಆದರೆ ಎಲ್ಲರನ್ನೂ ಬಾಧಿಸಿದ ಕೇಡು ಒಂದೇ. ಒಬ್ಬನಿಗೆ ಸರಕಾರದ ಪಟ್ಟಿಯಿಂದ, ಒಬ್ಬನಿಗೆ ಊರಿನ ಕಟ್ಟಳೆಯಿಂದ, ಒಬ್ಬಳಿಗೆ ದೇವರ ಹೆಸರಿನಿಂದ ಅದು ಬಂದಿತು. ಕಾಯಿದೆಗಳು ಮುದ್ರೆಯನ್ನು ಒರಸುವೆವೆಂದು ಹೇಳಿದುವು. 1923ರ ಗೊತ್ತುವಳಿಯಾಗಲಿ 1934ರ ಕಾಯಿದೆಯಾಗಲಿ 1952ರ ರದ್ದತಿಯಾಗಲಿ ಬಹಳ ದೊಡ್ಡ ಹೆಜ್ಜೆಗಳೇ. ಆದರೂ ಅವು ನಮ್ಮ ಮನೆಯ ಹೊಸ್ತಿಲ ತನಕ ಬರಬಲ್ಲವೇ ಹೊರತು ಒಳಗೆ ಬರಲಾರವು. ಸಂತೆಯಲ್ಲಿ ಅಲೆಮಾರಿಯನ್ನು ಕಂಡೊಡನೆ ಕಿಸೆಯನ್ನು ಮುಟ್ಟಿ ನೋಡಿಕೊಳ್ಳುವ ಕೈಯು ನಮ್ಮದು. ಕೆಲಸದವಳಿಗೆ ಬೇರೆ ಲೋಟವನ್ನಿಡುವ ಕೈಯೂ ನಮ್ಮದೇ. ಅದನ್ನು ನೋಡಿ ಮಕ್ಕಳು ಕಲಿಯುತ್ತಾರೆ.

ಈ ಪ್ರವಾಸಕ್ಕೆ ಮಳೆಗಾಲದ ಕೊನೆಯು ಒಳ್ಳೆಯ ಕಾಲ. ಘಟಪ್ರಭೆಯಲ್ಲಿ ರೈಲಿನಿಂದಿಳಿದರೆ ಮೂರೂ ಊರುಗಳಿಗೆ ಬಸ್ಸುಗಳು ಸಿಕ್ಕುತ್ತವೆ. ನೀರು ತುಂಬಿದ ದಿನಗಳಲ್ಲಿ ಜಲಪಾತದ ಬಂಡೆಗಳು ಜಾರುವುದರಿಂದ ಅಂಚಿಗೆ ಹೋಗಬಾರದು. ಚಿಕ್ಕ ಮಕ್ಕಳ ಕೈಯನ್ನು ಬಿಡಬಾರದು. ಮಕ್ಕಳು ಗಿರಣಿಯ ಎತ್ತರದ ಗೋಡೆಗಳನ್ನು ನೋಡಿ ಅಲ್ಲಿ ಯಾರು ಕೆಲಸ ಮಾಡುತ್ತಿದ್ದರೆಂದು ಕೇಳಿದರೆ, ನೀರಿನ ಬಲದ ಮಾತಿನೊಡನೆ ಹಾಜರಿಯ ಆ ಜನರ ಮಾತನ್ನೂ ಹೇಳಬೇಕು.